ಬ್ಲೌಸ್ ಅಂಗಡಿಯ ಕೆಳಗಿನ ಕಾಲುವೆ

ಕಳೆದ ಡಿಸೆಂಬರ್ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಚಿಂತಾಮಣಿಯಲ್ಲಿ ‘ಕಾಲುವೆಗಳ ನಡಿಗೆ ಮತ್ತು ದೋಣಿ ವಿಹಾರ’ ಆರಂಭವಾಯಿತು. ಹನ್ನೊಂದು ಮಂದಿ ಬಂದಿದ್ದರು. ಎಂಟು ಮಂದಿ ಬೆಂಗಳೂರಿನವರು, ಇಬ್ಬರು ಸ್ಥಳೀಯ ಮೇಷ್ಟರು, ಒಬ್ಬರು ಇದು ಸಕ್ಕರೆ ಕಾಯಿಲೆಯವರಿಗೆ ಏರ್ಪಡಿಸಿದ ನಡಿಗೆ ಎಂದು ತಿಳಿದು ಬಂದವರು. ನಡಿಗೆಯ ಪಠ್ಯ ಬರೆದವನು ನಾನಾದ್ದರಿಂದ ನಾನೂ ಹಿಂದೆ ನಡೆದೆ. ಎರಡು ಗಂಟೆಯಲ್ಲಿ ಹತ್ತು ಕಡೆ ನಿಂತೆವು. ಕಾಲುವೆ ಎಲ್ಲಿಯೂ ಕಾಣಲಿಲ್ಲ.

ಕಾಣದಿರುವುದಕ್ಕೆ ಕಾರಣವಿತ್ತು. ಊರ ಕೆರೆಯ ತೂಬಿನಿಂದ ಹೊರಟು ಗದ್ದೆಗಳಿಗೆ ನೀರು ಒಯ್ಯುತ್ತಿದ್ದ ಕಾಲುವೆಯ ಮೇಲೆ ಮೊದಲು ಕಲ್ಲುಚಪ್ಪಡಿ ಬಂತು. ಚಪ್ಪಡಿಯ ಮೇಲೆ ಗೂಡಂಗಡಿ ಬಂತು. ಗೂಡಂಗಡಿಗೆ ಗೋಡೆ, ಗೋಡೆಗೆ ಶಟರ್, ಶಟರಿನ ಮೇಲೆ ಬೋರ್ಡು ಬಂತು. ಗದ್ದೆಗಳಿದ್ದ ಕಡೆ ಬಡಾವಣೆಯಾಯಿತು. ಕರಪತ್ರ ಮಾಡಿದವರು ಮಾತ್ರ ಊರನ್ನು ‘ಬಯಲುಸೀಮೆಯ ವೆನಿಸ್’ ಎಂದು ಕರೆದಿದ್ದರು. ಆ ಸಾಲು ನನ್ನದಲ್ಲ.

ನಾನು ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ವರದಿಗಾರನಾಗಿದ್ದವನು. ಕಾಲುವೆ ಒತ್ತುವರಿಯ ಬಗ್ಗೆ ಒಮ್ಮೆ ಮೂರು ಕಂತು ಬರೆದಿದ್ದೆ. ಅದರ ಪರಿಣಾಮವಾಗಿ ಒಂದು ಚಪ್ಪಡಿಯೂ ಅಲುಗಲಿಲ್ಲ. ಆದರೆ ಆ ಕಂತುಗಳ ಕತ್ತರಿಕೆಗಳನ್ನು ಯಾರೋ ಜೋಪಾನವಾಗಿ ಇಟ್ಟಿದ್ದರು. ನಿವೃತ್ತನಾದ ಮೇಲೆ ಪ್ರವಾಸೋದ್ಯಮ ಕಚೇರಿಯಿಂದ ಕರೆ ಬಂತು. ಅದೇ ವಿಷಯವನ್ನು ಪ್ರವಾಸಿಗಳಿಗೆ ಹಿತವಾಗುವಂತೆ ಬರೆದುಕೊಡಬೇಕು ಎಂದರು. ಹಳೆಯ ಗ್ರಾಮನಕ್ಷೆಯನ್ನು ಮುಂದಿಟ್ಟುಕೊಂಡು ಬರೆದುಕೊಟ್ಟೆ. ‘ಒತ್ತುವರಿ’ ಎಂದಿದ್ದಲ್ಲಿ ‘ಪರಂಪರೆ’ ಎಂದಾಯಿತು. ಉಳಿದದ್ದು ಹೆಚ್ಚೇನೂ ಬದಲಾಗಲಿಲ್ಲ.

ಗೈಡ್ ಆಗಿ ಬಂದವಳು ಇತಿಹಾಸದಲ್ಲಿ ಎಂ.ಎ. ಮಾಡಿದ ಊರಿನ ಹುಡುಗಿ. ಬೌದ್ಧರ ಮನೆಯವಳು. ಅವಳ ತಾತ ಈ ಕೆರೆಯ ಕೊನೆಯ ನೀರಗಂಟಿ. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ಆತನದು. ಪಠ್ಯ ಓದಿದ ಮೊದಲ ದಿನವೇ ಅವಳು, ಕಾಲುವೆ ತಿರುಗುವುದು ದೇವಸ್ಥಾನದ ಹತ್ತಿರವಲ್ಲ, ಅದಕ್ಕೂ ಹಿಂದೆ ಎಂದು ತಿದ್ದಿದಳು. ನಕ್ಷೆ ನೋಡಿದೆ. ಅವಳು ಹೇಳಿದ್ದು ಸರಿಯಿತ್ತು.

ಆರು ಭಾನುವಾರ ಪ್ರಾಯೋಗಿಕ. ಆರನೆಯ ಭಾನುವಾರ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ, ಒಪ್ಪಿದರೆ ಅವಳಿಗೆ ಒಂದು ವರ್ಷದ ನೇಮಕ. ಷರತ್ತು ಒಂದೇ. ಪಠ್ಯವನ್ನು ಬಿಡದೆ, ಸೇರಿಸದೆ ಹೇಳಬೇಕು. ಬೇರೆಲ್ಲೋ ಗೈಡುಗಳು ಸುರಂಗ, ನಿಧಿ ಎಂದೆಲ್ಲ ಕತೆ ಕಟ್ಟಿದ್ದರಿಂದ ಬಂದ ನಿಯಮವಂತೆ.

ಮೊದಲ ಭಾನುವಾರ ಬಜಾರಿನಲ್ಲಿ ಆದದ್ದನ್ನು ನಾನು ಊಹಿಸಬೇಕಿತ್ತು. ಕೈಯಲ್ಲಿ ಫೈಲು ಹಿಡಿದ ಯುವತಿ ಮುಂದೆ, ಟೋಪಿ ಹಾಕಿದ ಹನ್ನೊಂದು ಜನ ಹಿಂದೆ. ಪ್ರತಿ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅವಳು ಚಪ್ಪಡಿ ತೋರಿಸಿ, “ನೀವೀಗ ನಿಂತಿರುವುದು ಕಾಲುವೆಯ ಮೇಲೆ. ಅಗಲ ಹನ್ನೆರಡು ಅಡಿ” ಎನ್ನುತ್ತಾಳೆ. ಬೆಂಗಳೂರಿನ ಹಿರಿಯರೊಬ್ಬರು ಕುತೂಹಲಕ್ಕೆ ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆದೂ ನೋಡಿದರು. ಅವರ ಹನ್ನೆರಡನೆಯ ಹೆಜ್ಜೆ ಕಬ್ಬಿಣದ ಸಾಮಾನಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಬಿತ್ತು.

“ಏಂದಮ್ಮಾ ಇದಿ, ಸರ್ವೇನಾ?” ಎಂದು ಅಂಗಡಿಯ ಶೆಟ್ಟರು ಗೈಡನ್ನು ತೆಲುಗಿನಲ್ಲಿ ಕೇಳಿದರು.

“ಅಲ್ಲ ಅಣ್ಣ, ಟೂರಿಸ್ಟುಗಳು.”

“ನಮ್ಮಂಗಡಿ ನೋಡೋಕೆ ಬೆಂಗಳೂರಿಂದ ಬಂದವ್ರಾ?” ಎಂದರು. ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಎರಡನೆಯ ಭಾನುವಾರ ಅಂಗಡಿಯವರು ಖಾತೆ, ಕಂದಾಯದ ರಸೀದಿಗಳ ಜೆರಾಕ್ಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಬ್ಬರು ಎಲ್ಲರಿಗೂ ಕಾಫಿ ತರಿಸಿದರು. ಇನ್ನೊಬ್ಬರು ಕಡಲೆಕಾಯಿ ಹಂಚಿದರು. ಇಷ್ಟು ಆದರದ ಊರನ್ನು ತಾವು ಕಂಡಿಲ್ಲವೆಂದು ಪ್ರವಾಸಿಗಳು ಅಭಿಪ್ರಾಯ ಪುಸ್ತಕದಲ್ಲಿ ಬರೆದರು. ಮೂರನೆಯ ಭಾನುವಾರದ ಹೊತ್ತಿಗೆ ಐದನೆಯ ನಿಲುಗಡೆಯ ಚಪ್ಪಡಿಯ ಮೇಲೆ ಒಂದು ನಾಗರಕಲ್ಲು ಎದ್ದಿತ್ತು. ಅರಿಶಿನ, ಕುಂಕುಮ, ಹೂವು ಎಲ್ಲ ಇತ್ತು. ನಮ್ಮ ಕಡೆ ಜಾಗ ಹೋಗುತ್ತದೆ ಎನಿಸಿದಾಗ ವಕೀಲರಿಗಿಂತ ಮೊದಲು ಬರುವುದು ನಾಗಪ್ಪನೇ. ನಾಗಪ್ಪನನ್ನು ಕೀಳಲು ಯಾವ ಜೆಸಿಬಿಯವನೂ ಬರುವುದಿಲ್ಲ. ಪ್ರವಾಸಿಗಳು ಬಗ್ಗಿ ಫೋಟೊ ತೆಗೆದರು. ಎಷ್ಟು ಹಳೆಯದು ಎಂದು ಒಬ್ಬರು ಕೇಳಿದರು.

“ಅದು ಪಠ್ಯದಲ್ಲಿಲ್ಲ, ಮೇಡಂ” ಎಂದಳು ಗೈಡ್.

ನಾಲ್ಕನೆಯ ಭಾನುವಾರಕ್ಕೆ ನಾಗರಕಲ್ಲುಗಳು ಮೂರಾದವು.

ಏಳನೆಯ ನಿಲುಗಡೆಯಲ್ಲಿ ಕಲ್ಲಿರಲಿಲ್ಲ. ಅದು ಒಂದು ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು. ಒಳಗೆ ಎರಡು ಮಿಷನ್ನು, ಗೋಡೆಯ ಮೇಲೆ ಬುದ್ಧನ ಚಿತ್ರ. ಅಂಗಡಿ ಗೈಡ್‌ನ ಚಿಕ್ಕಮ್ಮನದು. ತಾಯಿ ತೀರಿದ ಮೇಲೆ ಹುಡುಗಿಯನ್ನು ಸಾಕಿದ್ದು ಆಕೆಯೇ. ನೀರಗಂಟಿಯ ಕಿರಿಯ ಮಗಳು. ಪಠ್ಯದ ಏಳನೆಯ ಭಾಗದಲ್ಲಿ ನಾನು ಬರೆದಿದ್ದುದು ಇಷ್ಟು: ‘ಈ ಅಂಗಡಿಯ ನೆಲದ ಕೆಳಗೆ ಕಾಲುವೆ ಮೂರು ಕವಲಾಗಿ ಒಡೆಯುತ್ತದೆ.’ ಅಂಗಡಿ ಯಾರದೆಂದು ನಾನು ವಿಚಾರಿಸಿರಲಿಲ್ಲ. ನಕ್ಷೆಯಲ್ಲಿ ಹೆಸರುಗಳಿರುವುದಿಲ್ಲ.

ಗೈಡ್ ಆ ಸಾಲನ್ನು ಬಿಡುತ್ತಿರಲಿಲ್ಲ. ಅಂಗಡಿ ದಾಟಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ಔಷಧಿ ಅಂಗಡಿಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. ಪ್ರವಾಸಿಗಳು ಔಷಧಿ ಅಂಗಡಿಯ ನೆಲವನ್ನು ಗಂಭೀರವಾಗಿ ನೋಡುತ್ತಿದ್ದರು. ಔಷಧಿ ಅಂಗಡಿಯವರು ಅದನ್ನು ಗಮನಿಸಿದರು, ಬಜಾರಿಗೆಲ್ಲ ಹೇಳಿದರು. ಎಲ್ಲರ ಅಂಗಡಿಯನ್ನೂ ತೋರಿಸುವವಳು ತನ್ನ ಮನೆಯದನ್ನು ಮಾತ್ರ ದಾಟಿ ಹೋಗುತ್ತಾಳೆ ಎಂಬ ಮಾತು ನನ್ನ ಕಿವಿಗೂ ಬಂತು.

ಐದನೆಯ ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಜಗಲಿಯಲ್ಲೇ ಕುಳಿತರು.

“ಸಾರ್, ನೀವು ಬರೆದಿರೋದ್ರಲ್ಲಿ ಏಳನೇದು ನಮ್ಮಂಗಡಿಯಂತೆ.”

“ಅಂಗಡಿ ವಿಷಯ ಬರೆದಿಲ್ಲಮ್ಮ. ಕಾಲುವೆ ವಿಷಯ ಬರೆದಿದ್ದೀನಿ.”

“ಎರಡೂ ಒಂದೇ ಜಾಗದಾಗೈತಲ್ಲ ಸಾರ್” ಎಂದರು.

ಆಕೆಯ ಬೇಡಿಕೆ ಸ್ಪಷ್ಟವಾಗಿತ್ತು. ಸುಳ್ಳು ಬರೆಯಬೇಕಿಲ್ಲ. ಆರರಿಂದ ನೆಟ್ಟಗೆ ಎಂಟಕ್ಕೆ ಹೋದರೆ ಸಾಕು. ಮೂವತ್ತು ಅಂಗಡಿಯಲ್ಲಿ ಇಪ್ಪತ್ತೊಂಬತ್ತರವರಿಗೆ ಏನಾದರೂ ಒಂದು ಕಾಗದವಿದೆ. ತನ್ನ ಬಳಿ ಕರೆಂಟ್ ಬಿಲ್ಲು ಬಿಟ್ಟರೆ ಏನೂ ಇಲ್ಲ. ಆ ಜಾಗವನ್ನು ಊರಿನವರು ಅಪ್ಪನಿಗೆ ಬಾಯಿಮಾತಿನಲ್ಲಿ ಕೊಟ್ಟದ್ದು, ನೀರು ಕಾಯುವಾಗ ಕೂರಲಿ ಎಂದು. ಅಂಗಡಿ ಹೋದರೆ ಮಿಷನ್ನು ಹೊತ್ತು ಎಲ್ಲಿಗೆ ಹೋಗಲಿ ಎಂದು ಕೇಳಿದರು. ಪಕ್ಕದ ಅಂಗಡಿಯವರು ನೀವೂ ಒಂದು ಕಲ್ಲು ನೆಡಿ ಎಂದಿದ್ದರಂತೆ. ನಾವು ಬೌದ್ಧರು, ನಮ್ಮಲ್ಲಿ ಅದಿಲ್ಲ ಎಂದದ್ದಕ್ಕೆ, ಹಾಗಾದರೆ ಬುದ್ಧನನ್ನೇ ಕೂರಿಸಿ ಎಂದರಂತೆ.

“ಬುದ್ಧನ್ನ ಚರಂಡಿ ಮೇಲೆ ಕಾವಲಿಗೆ ಕೂರಿಸೋದಾ ಸಾರ್?”

ಗೈಡನ್ನು ಕೇಳಿ ಹೇಳುತ್ತೇನೆ ಎಂದೆ. ಉತ್ತರವನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದು ವೃತ್ತಿಯಲ್ಲಿ ಕಲಿತದ್ದು.

ಗೈಡ್‌ಗೆ ಫೋನ್ ಮಾಡಿದೆ. ಚಿಕ್ಕಮ್ಮ ತನ್ನ ಜೊತೆ ಒಂದು ವಾರದಿಂದ ಮಾತಾಡುತ್ತಿಲ್ಲ, ತಟ್ಟೆ ಇಟ್ಟು ಎದ್ದು ಹೋಗುತ್ತಾರೆ ಎಂದಳು. ಆಮೇಲೆ, “ತೆಗೀಬೇಡಿ ಸಾರ್. ತೆಗೆದ್ರೆ ನಮ್ಮದೊಂದೇ ತೆಗೆದ ಹಾಗಾಗತ್ತೆ. ಐದು ವಾರ ಬೇರೆಯವ್ರದೆಲ್ಲ ಓದಿದ್ದೀನಿ, ನಾನು ನಾಳೆ ಬಜಾರಲ್ಲಿ ಓಡಾಡಬೇಕಲ್ಲ” ಎಂದಳು.

ಪಠ್ಯ ಹಾಗೇ ಉಳಿಯಿತು.

ಆರನೆಯ ಭಾನುವಾರ ಅಧಿಕಾರಿ ಸರ್ಕಾರಿ ಜೀಪಿನಲ್ಲಿ ಬಂದರು. ಬಜಾರಿಗೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಜೀಪು ಕಂಡ ಹತ್ತು ನಿಮಿಷದಲ್ಲಿ ಶಟರ್‌ಗಳು ಕೆಳಗಿಳಿದವು. ಶೆಟ್ಟರು ತಮ್ಮ ಅಂಗಡಿಯ ಎದುರಿನ ರಸ್ತೆಯಲ್ಲಿ, ಆ ಅಂಗಡಿಗೆ ಸಂಬಂಧಿಸದವರಂತೆ ನಿಂತರು. ಪ್ರವಾಸಿಗಳು ಹದಿಮೂರು ಮಂದಿ. ಗೈಡ್ ಆರು ನಿಲುಗಡೆಗಳನ್ನು ಮುಚ್ಚಿದ ಶಟರ್‌ಗಳ ಮುಂದೆ ಮುಗಿಸಿದಳು.

ಹೊಲಿಗೆ ಅಂಗಡಿ ತೆರೆದಿತ್ತು. ಚಿಕ್ಕಮ್ಮ ಮಿಷನ್ ತುಳಿಯುತ್ತಿದ್ದರು. ಗೈಡ್ ಈ ಸಲ ದಾಟಿ ಹೋಗಲಿಲ್ಲ. ಅಂಗಡಿಯ ಎದುರಿಗೇ ನಿಂತು ಸಾಲು ಓದಿದಳು. ಧ್ವನಿ ಸರಿಯಾಗಿಯೇ ಇತ್ತು. ಓದಿ ಫೈಲು ಮುಚ್ಚಿ, “ಇದು ನಮ್ಮ ಚಿಕ್ಕಮ್ಮನ ಅಂಗಡಿ. ನಾನು ಓದಿ ಬೆಳೆದಿದ್ದು ಇಲ್ಲೇ” ಎಂದಳು. ಇದು ಪಠ್ಯದಲ್ಲಿರಲಿಲ್ಲ. ಅಧಿಕಾರಿ ತಮ್ಮ ಪ್ರತಿಯಲ್ಲಿ ಏನೋ ಗುರುತು ಹಾಕಿದರು.

ಮಿಷನ್ನು ನಿಂತಿತು. ಚಿಕ್ಕಮ್ಮ ಎದ್ದು ಸೊಸೆಯನ್ನೋ ಮಗಳನ್ನೋ ಗದರುವ ದನಿಯಲ್ಲಿ, “ಹೊರಗೆ ನಿಂತು ಏನು ತೋರಿಸ್ತೀಯಮ್ಮ, ಒಳಗೆ ಕರ್ಕೊಂಡ್ ಬಾ” ಎಂದರು. ಎರಡನೆಯ ಮಿಷನ್ನನ್ನು ಪಕ್ಕಕ್ಕೆ ಎಳೆದರು. ಚಾಪೆ ಸುತ್ತಿದರು. ಕೆಳಗೆ ಕಬ್ಬಿಣದ ಮುಚ್ಚಳವಿತ್ತು. ಅದನ್ನು ಎತ್ತಿ ಗೋಡೆಗೆ ಒರಗಿಸಿ, “ನೋಡಿ ಸಾರ್. ನಾವೇನು ಮುಚ್ಚಿಟ್ಟಿಲ್ಲ” ಎಂದು ಅಧಿಕಾರಿಗೆ ಹೇಳಿದರು.

ಮೊಬೈಲಿನ ಬೆಳಕು ಬಿಟ್ಟು ಒಬ್ಬೊಬ್ಬರಾಗಿ ಬಗ್ಗಿ ನೋಡಿದೆವು. ಗಾರೆಯ ಗೋಡೆಗಳ ನಡುವೆ ಒಂದು ಗೇಣು ನೀರು ಹರಿಯುತ್ತಿತ್ತು. ಅಡ್ಡಲಾಗಿ ಒಂದು ಕಲ್ಲು, ಅದರಲ್ಲಿ ಮೂರು ಕಚ್ಚು: ಒಂದು ಅಗಲ, ಒಂದು ಮಧ್ಯಮ, ಒಂದು ಬೆರಳು ಹಿಡಿಯುವಷ್ಟು. ಮೂರು ಕವಲಿನ ಗದ್ದೆಗಳಿಗೆ ನೀರು ಹಂಚುತ್ತಿದ್ದ ಕಲ್ಲು. ಹೂಳಿರಲಿಲ್ಲ. ಕೇಳಿದಾಗ ಚಿಕ್ಕಮ್ಮ, ಮುಂಗಾರಿಗೆ ಮುಂಚೆ ಒಂದು ಸಲ, ಹಿಂಗಾರಿಗೆ ಮುಂಚೆ ಒಂದು ಸಲ ಇಳಿದು ತೆಗೆಯುತ್ತೇನೆ ಎಂದರು. ಅಪ್ಪ ಹಾಗೆ ಮಾಡುತ್ತಿದ್ದರು. ಗದ್ದೆ ಎಲ್ಲಿದೆ ಎಂದು ಬೆಂಗಳೂರಿನ ಹಿರಿಯರು ಕೇಳಿದರು. “ಗದ್ದೆ ಇಲ್ಲ. ಕಲ್ಲೈತಲ್ಲ” ಎಂದರು ಚಿಕ್ಕಮ್ಮ.

ನನ್ನ ಮೂರು ಕಂತುಗಳಲ್ಲಿ ಈ ಕಲ್ಲಿನ ಉಲ್ಲೇಖವಿರಲಿಲ್ಲ. ಆ ಅಂಗಡಿಯಲ್ಲಿ ನನ್ನ ಹೆಂಡತಿ ಹಲವು ವರ್ಷ ಬ್ಲೌಸ್ ಹೊಲಿಸಿದ್ದಾಳೆ. ನಾನು ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾದಿದ್ದೇನೆ.

“ಇದು ಪಠ್ಯದಲ್ಲಿ ಯಾಕಿಲ್ಲ?” ಎಂದು ಅಧಿಕಾರಿ ನನ್ನನ್ನು ಕೇಳಿದರು.

“ಗೊತ್ತಿರಲಿಲ್ಲ” ಎಂದೆ.

ಆ ದಿನ ಪ್ರವಾಸಿಗಳು ಏಳನೆಯ ನಿಲುಗಡೆಯಿಂದ ಹೊರಡಲು ಅರ್ಧ ಗಂಟೆ ಹಿಡಿಯಿತು. ಇಬ್ಬರು ಹೆಂಗಸರು ಬ್ಲೌಸಿಗೆ ಅಳತೆಯನ್ನೂ ಕೊಟ್ಟರು. ಆಮೇಲೆ ಕೆರೆಗೆ ಹೋಗಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ದೋಣಿ ಹತ್ತಿದೆವು. ದೋಣಿ ಕೆರೆಯನ್ನು ಒಂದು ಸುತ್ತು ಹಾಕಿತು. ಅಂಬಾಜಿದುರ್ಗದ ಬೆಟ್ಟದ ಮೇಲೆ ಮಂಜು ಇನ್ನೂ ಇತ್ತು. ಗೈಡ್ ತೂಬಿನ ಬಗ್ಗೆ ಪಠ್ಯದಲ್ಲಿದ್ದಷ್ಟನ್ನೇ ಹೇಳಿದಳು. ಅಧಿಕಾರಿ ಜಾಕೆಟ್ಟಿನ ಬಕಲ್ ಬಿಗಿಯಾಗಿದೆ ಎಂದರು.

ಫೆಬ್ರವರಿಯಲ್ಲಿ ಒಂದೇ ವಾರ ಆ ಮನೆಗೆ ಮೂರು ಪತ್ರಗಳು ಬಂದವು. ಮೊದಲನೆಯದು ಪ್ರವಾಸೋದ್ಯಮ ಕಚೇರಿಯಿಂದ ಗೈಡ್‌ಗೆ. ಪಠ್ಯದ ಹೊರಗೆ ಎರಡು ವಾಕ್ಯ ಹೇಳಿದ್ದರಿಂದ ಪ್ರಾಯೋಗಿಕ ಅವಧಿಯನ್ನು ಇನ್ನೂ ಆರು ಭಾನುವಾರ ವಿಸ್ತರಿಸಲಾಗಿದೆ. ಎರಡನೆಯದು ಅದೇ ಕಚೇರಿಯಿಂದ ಚಿಕ್ಕಮ್ಮನಿಗೆ. ನೀರು ಹಂಚುವ ಕಲ್ಲು ನಡಿಗೆಯ ಮುಖ್ಯ ಆಕರ್ಷಣೆಯಾಗಿರುವುದರಿಂದ ಭಾನುವಾರ ಬೆಳಗ್ಗೆ ಅಂಗಡಿ ತೆರೆದಿಡಲು ಕೋರಲಾಗಿದೆ. ಮೂರನೆಯದು ಒತ್ತುವರಿ ನೋಡಿಕೊಳ್ಳುವ ಬೇರೆ ಕಚೇರಿಯಿಂದ. ಅಧಿಕಾರಿಯ ವರದಿಯ ಪ್ರತಿ ತಲುಪಿದ ಮೇರೆಗೆ, ಕಾಲುವೆಯ ಮೇಲಿನ ಕಟ್ಟಡಕ್ಕೆ ಸಂಬಂಧಿಸಿದ ದಾಖಲೆಗಳನ್ನು ಹಾಜರುಪಡಿಸಬೇಕು. ಮುಚ್ಚಿದ ಶಟರ್‌ಗಳ ಹಿಂದಿನ ಯಾರಿಗೂ ಈ ಪತ್ರ ಬರಲಿಲ್ಲ. ವರದಿಯಲ್ಲಿ ಅಧಿಕಾರಿ ಕಣ್ಣಾರೆ ಕಂಡ ಕಾಲುವೆ ಒಂದೇ ಇತ್ತು.

ಮೂರೂ ಪತ್ರಗಳನ್ನು ಚಿಕ್ಕಮ್ಮ ನನಗೆ ತೋರಿಸಿದರು. ಉತ್ತರ ಬರೆದುಕೊಡಿ ಎಂದರು. ಬರೆದುಕೊಟ್ಟೆ. ನೀರಗಂಟಿಗೆ ಆ ಜಾಗ ಬಿಟ್ಟುಕೊಟ್ಟದ್ದು ನಿಜವೆಂದು ಆ ಕಾಲುವೆಯ ನೀರಿನಲ್ಲಿ ಗದ್ದೆ ಮಾಡುತ್ತಿದ್ದ ಹಳೆಯ ಅಚ್ಚುಕಟ್ಟುದಾರರಲ್ಲಿ ಬದುಕಿರುವ ನಾಲ್ವರು ಸಹಿ ಹಾಕಿದರು. ಐದನೆಯ ಸಹಿ ಶೆಟ್ಟರದು. ಅವರ ತಂದೆಗೂ ಎರಡನೆಯ ಕಚ್ಚಿನ ಕೆಳಗೆ ಗದ್ದೆಯಿತ್ತಂತೆ. ಚಿಕ್ಕಮ್ಮ ಮತ್ತು ಹುಡುಗಿ ಈಗ ಮಾತಾಡುತ್ತಾರೆ, ಹೆಚ್ಚಾಗಿ ಈ ಕಾಗದಗಳ ಬಗ್ಗೆ.

ಕಳೆದ ಭಾನುವಾರದ ನಡಿಗೆಗೆ ಹದಿನಾರು ಮಂದಿ ಬಂದಿದ್ದರು. ಗೈಡ್‌ನ ನೇಮಕದ ಆದೇಶ ಬಂದಿಲ್ಲ. ಅಂಗಡಿಯ ದಾಖಲೆಗಳ ವಿಚಾರಣೆ ಎರಡು ಸಲ ಮುಂದಕ್ಕೆ ಹೋಗಿ, ಬರುವ ತಿಂಗಳ ಹನ್ನೆರಡಕ್ಕೆ ನಿಗದಿಯಾಗಿದೆ.