ಕಟ್ಟಿ ಮ್ಯಾಲಿನ ಅಗ್ಗಿಷ್ಟಿಗಿ

ಸತ್ತವರು ತಿರುಗಿ ಬರ್ತಾರ ಅನ್ನೋ ಮಾತು ಕೇಳಿದ್ರ ನಾನು ನಗತಿದ್ದೆ. ರಾತ್ರಿ ಕರೆಂಟ್ ಕೊಟ್ಟಾಗ ಒಬ್ಬಾಕೀನ ಹೊಲಕ್ಕ ಹೋಗಿ ನೀರು ಹಾಯಿಸಿ ಬಂದಾಕಿ ನಾನು. ಹುಣಸಿ ಗಿಡದ ಕೆಳಗ ಅದನ್ನ ಕಂಡೆ, ಬಾವಿ ದಂಡಿಮ್ಯಾಲ ಇದನ್ನ ಕಂಡೆ ಅಂದವರಿಗೆಲ್ಲಾ, "ಮತ್ತ ನನಗ್ಯಾಕ ಏನೂ ಕಾಣವಲ್ದ್ರಿ? ನನ್ನ ಕಂಡ್ರ ಅವಕ್ಕೂ ಅಂಜಿಕಿ ಏನು?" ಅಂತಿದ್ದೆ. ಈಗ ನಾನ ಅಂಥಾದ್ದೊಂದು ಹೇಳಾಕ ಕುಂತೇನಿ. ನೀವು ನಕ್ರ ಸಿಟ್ಟಿಲ್ಲ. ನಿಮ್ಮ ಜಾಗಾದಾಗ ಇದ್ದಿದ್ರ ನಾನೂ ನಗತಿದ್ದೆ.

ಇಷ್ಟು ದಿನ ಇದನ್ನ ಯಾರಿಗೂ ಪೂರಾ ಹೇಳಿಲ್ಲ. ಹೇಳೋ ಹಂಗ ಆಗಿದ್ದು ಸಂತೋಷದಿಂದ. ನನ್ನ ಮೊಮ್ಮಗಳು ಶಿಲ್ಪಾ ಹಡದಾಳ. ಹೆಣ್ಣುಕೂಸು! ಮರಿಮಗಳನ್ನ ತೊಡಿಮ್ಯಾಲ ಹಾಕ್ಕೊಂಡು ಕುಂತ್ರ ನನಗ ಊಟದ ನೆನಪು ಬರಂಗಿಲ್ಲ. ಅದು ಹಾಲು ಕುಡಿದು ತೇಗಿದ್ರೂ ಓಣಿಗೆಲ್ಲಾ ಹೇಳಿಬರ್ತೇನಿ. ಮನಿ ಮಂದಿ ನನ್ನ ನೋಡಿ ನಗಾಕತ್ತಾರ, ನಗಲಿ. ಮೊನ್ನೆ ಕೂಸಿನ ನೋಡಾಕ ಬಂದ ಬಾಜೂಮನಿ ಹೆಣ್ಮಗಳು ಕೋಣಿ ತುಂಬ ಕಣ್ಣಾಡಿಸಿ, "ಥಂಡಿ ಇಷ್ಟೈತಿ, ಬಾಣಂತಿ ಹೊರಸಿನ ಕೆಳಗ ಕೆಂಡಾನ ಇಟ್ಟಿಲ್ಲಲ್ಲಬೇ? ಮರಿಮಗಳು ಬಂದ್ರೂ ನಿನ್ನ ಜಿಪುಣತನ ಬಿಡಲಿಲ್ಲ ನೋಡು. ನಾಕು ಇದ್ದಲಿ ನಮ್ಮನಿಯಿಂದ ಕಳಸಲೇನು?" ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ. "ಈ ಮನ್ಯಾಗ ಕೆಂಡ ಹೊಸ್ತಿಲ ದಾಟಿ ಒಳಗ ಬರಂಗಿಲ್ಲವ್ವಾ" ಅಂದೆ. ಯಾಕ ಅಂತ ಕೇಳಿದ್ರ ಮಾತು ಹೊಳ್ಳಿಸಿದೆ. ಅವರು ಹೋದಮ್ಯಾಲ ಶಿಲ್ಪಾ, "ಬಾಯಿಲೆ ಹೇಳಾಕ ಆಗದಿದ್ರ ಬರದರ ಇಡು ಆಯಿ" ಅಂದ್ಲು. ನನ್ನ ಆಯಿ ಅಂತಾಳ ಆಕಿ. ಆಕೀದ ಹಳೇ ನೋಟಬುಕ್ ತಗೊಂಡು ಕುಂತೇನಿ. ಸಾಲಿ ಹೆಚ್ಚು ಕಲ್ತಾಕಿ ಅಲ್ಲ, ತಪ್ಪಿದ್ರ ಆಕಿ ತಿದ್ದತಾಳ.

ಐದಾರು ವರ್ಷದ ಹಿಂದಿನ ಮಾತು. ಶಿಲ್ಪಾ ಬೇಸಾಯದ ಡಿಪ್ಲೊಮಾ ಮುಗಿಸಿ ನಮ್ಮೂರು ಹಿರೇಬೆಂಡಿಗೇರಿಗೆ ಬಂದಿದ್ಲು. ಅಗಿ ಎಬ್ಬಿಸಿ ಮಾರತೇನಿ ಅಂತ ಆಕೀ ಹಟ. ಟೊಮ್ಯಾಟೊ, ಡೊಣ್ಣ ಮೆಣಸಿನಕಾಯಿ ಸಸಿ. ಅದಕ್ಕಂತ ಮನೀ ಒಳಗಿನ ಕಾಳಿನ ಕೋಣ್ಯಾಗ ಒಂದು ಟೆಂಟ್ ನಿಲ್ಲಿಸಿದ್ಲು. ಹೊರಗ ಕರೀ ಬಟ್ಟಿ, ಒಳಗ ಕನ್ನಡಿ ಹಂಗ ಹೊಳಿಯೋ ಹಾಳಿ, ಚೀಲಕ್ಕಿದ್ದಂಗ ಉದ್ದಕ ಚೈನು. ಒಳಗ ಒಂದು ಲೈಟು, ಕೆಳಗ ಸಾಲಾಗಿ ಟ್ರೇ. ಬಿಸಲಿಲ್ಲ, ಮಣ್ಣಿಲ್ಲ, ತೆಂಗಿನ ನಾರಿನ ಪುಡಿಯಾಗ ಬೀಜ! "ಇದೇನ ಸರ್ಕಸ್ಸು ಹೂಡಿಯವ್ವಾ, ಆನಿ ಯಾವಾಗ ಬರತೈತಿ?" ಅಂತ ನಾನು ಕಾಡಿಸ್ತಿದ್ದೆ. ಆದ್ರ ಒಂದು ದಿನ ಚೈನು ತಗದು ತೋರಿಸಿದ್ಲು. ಹಸರು ಎರಡೆರಡು ಎಲಿ ಬಿಟ್ಕೊಂಡು ನೂರಾರು ಅಗಿ ನಿಂತಿದ್ವು. ಅವತ್ತಿಂದ ಕಾಡಸೋದು ಬಿಟ್ಟೆ.

ನನ್ನ ಮಗ, ಆಕಿ ಅಪ್ಪ, ಒಂದು ಕರಾರು ಹಾಕಿದ್ದ. ಈ ಅಗಿ ಚಂದಾಗಿ ಎದ್ರ ಹೊಲದಾಗ ಹಸರು ಬಲೆ ಹೊಚ್ಚಿದ ನೆರಳುಮನಿ ಹಾಕಿಸಿಕೊಡತೇನಿ, ಇಲ್ಲಂದ್ರ ಬಾಯಿ ಮುಚ್ಚಿಕೊಂಡು ನಾ ಹೇಳಿದ ಗಂಡನ್ನ ಮಾಡ್ಕೊಂಡು ನಡಿ ಅಂದಿದ್ದ. ಅದಕ್ಕ ಹುಡುಗಿ ಆ ಅಗೀನ ಹಸುಗೂಸು ನೋಡಿದಂಗ ನೋಡತಿದ್ಲು. ಥಂಡಿ ಬಿದ್ರ ಅವು ಬೆಳ್ಯಂಗಿಲ್ಲ, ಬುಡದಾಗ ಕೊಳತು ಬೀಳ್ತಾವ ಅಂತ ಒಂದು ಸಣ್ಣ ಹೀಟರ್ ಇಟ್ಟಿದ್ಲು, ಕಾವು ತೋರಸೋ ಮೀಟರ್ ಇಟ್ಟಿದ್ಲು. ಲೈಟು ಹೋದ ರಾತ್ರಿ ನೀರು ಕಾಸಿ ಕ್ಯಾನಿನಾಗ ತುಂಬಿ ಟ್ರೇ ನಡಕ ಇಡತಿದ್ಲು.

ಆ ದಿನ ಮಗಾ ಸೊಸಿ ಹಾನಗಲ್ಲಿಗೆ ನೆಂಟರ ಮನಿಗೆ ಹೋಗಿದ್ರು. ಮನ್ಯಾಗ ನಾವಿಬ್ಬರ. ಸಂಜೀಕ ಕರೆಂಟ್ ಹೋತು, ಬರಲೇ ಇಲ್ಲ. ಎಂಥಾ ಥಂಡಿ ಅಂತೀರಿ, ಬಾಯಾಗಿಂದ ಹೊಗಿ ಬರತಿತ್ತು. ಹುಡುಗಿ ಎರಡು ಸಲ ನೀರು ಕಾಸಿ ಬದಲ ಮಾಡಿದ್ಲು. ನಾನು ಅಂದೆ, "ಸುಮ್ನ ಅಗ್ಗಿಷ್ಟಿಗಿ ಇಡೋಣು ಬಾ. ನಿಮ್ಮಪ್ಪನ್ನ ಕೆಂಡದ ಕಾವಿನಾಗ ದೊಡ್ಡಾಂವನ್ನ ಮಾಡೀನಿ, ನಿನ್ನ ಅಗಿ ಏನು ಹೆಚ್ಚಿಂದ?"

"ಬ್ಯಾಡ ಆಯಿ. ಟೆಂಟಿನಾಗ ಬೆಂಕಿ ತರಬ್ಯಾಡ, ಕೈಮುಗೀತೇನಿ" ಅಂದ್ಲು.

ಟೆಂಟಿನ ಬಾಜೂಕ ಚಾಪಿ ಹಾಸಿ ಮಲಗಿದ್ಲು. ದಣದಿದ್ಲು, ಹಂಗ ನಿದ್ದಿ ಹತ್ತಿತು. ನಾನು ಬ್ಯಾಟರಿ ಬೆಳಕು ಬಿಟ್ಟು ಮೀಟರ್ ನೋಡಿದೆ, ಅಂಕಿ ಇಳದಿತ್ತು. ಎಬ್ಬಸಾಕ ಮನಸ್ಸಾಗಲಿಲ್ಲ. ನಾ ಮಾಡಿದ್ದು ಹೇಳಿಬಿಡತೇನಿ. ಇದ್ದಲಿ ಕೆಂಡ ಮಾಡಿ, ಹೊಗಿ ಪೂರಾ ಹೋಗೋತನಕ ಊದಿ, ಕಬ್ಬಣದ ಅಗ್ಗಿಷ್ಟಿಗಿ ತಂದು ಟೆಂಟಿನೊಳಗ ಇಟ್ಟೆ. ಚೈನು ಎಳದೆ, ಪೂರಾ ಕೂಡಲಿಲ್ಲ. ಕಾವು ಹೊರಗ ಹೋದೀತಂತ ಕಿಡಕಿ ಮುಚ್ಚಿ ಸಂದಿಗೆ ಗೋಣಿಚೀಲ ತುರಕಿದೆ. ಕೋಣೀ ಬಾಗಲಾ ಮುಂದ ಮಾಡಿದೆ. ಮೊಮ್ಮಗಳಿಗೆ ಕಂಬಳಿ ಹೊಚ್ಚಿ ಬಾಜೂಕ ಮಲಗಿದೆ. ಮುಂಜಾನೆ ಎದ್ದು ಅಗಿ ನೋಡಿ ಕುಣಿದಾಡ್ತಾಳ ಅಂತ ನನ್ನಷ್ಟಕ್ಕ ನಾನ ಖುಷಿ ಪಟ್ಟೆ.

ಎಷ್ಟೊತ್ತಾಗಿತ್ತೋ ಗೊತ್ತಿಲ್ಲ. ಮಾರಿಗೆ ತಣ್ಣನ ಗಾಳಿ ಬಡದು ಎಚ್ಚರಾತು. ತಲಿ ಸಿಡದು ಹೋಗಾಕತ್ತಿತ್ತು. ಕೈ ಎತ್ತಬೇಕಂದ್ರ ಕೈ ನಂದಲ್ಲ ಅನ್ನೋ ಹಂಗಾಗಿತ್ತು. ಕಿಡಕಿ ತಗದಿತ್ತು. ಕೋಣೀ ಬಾಗಲಾ ತಗದಿತ್ತು. ಹೊರಗ ಕಟ್ಟಿಮ್ಯಾಲ ಒಂದು ಸಪ್ಪಳ ಬಂತು. ಹಂಚನ್ನ ಕಬ್ಬಣಕ್ಕ ತಿಕ್ಕಿ ಕೂಡಿಸಿದ ಸಪ್ಪಳ. ಅಷ್ಟ. ಹೆಜ್ಜಿ ಸಪ್ಪಳ ಇಲ್ಲ, ಬಳಿ ಸಪ್ಪಳ ಇಲ್ಲ. ನಾಯಿ ಸುದ್ದಾ ಬೊಗಳಲಿಲ್ಲ.

ಬಾಜೂಕ ಹುಡುಗಿ ಅಲ್ಲಾಡವಲ್ಲಳು. ತೆವಳಕೋತ ಹೋಗಿ ಕಪಾಳಕ್ಕ ಹೊಡದೆ, ಹೆಸರು ಹಿಡದು ಚೀರಿದೆ. ಹೆಂಗ ಎಳಕೊಂಡು ಪಡಸಾಲಿಗೆ ಬಂದೆ, ಇವತ್ತಿಗೂ ತಿಳಿದಿಲ್ಲ. ಅಲ್ಲಿ ವಾಂತಿ ಮಾಡಿಕೊಂಡ್ಲು, ಕಣ್ಣು ಬಿಟ್ಲು. "ತಲಿ ಆಯಿ, ತಲಿ" ಅಂದ್ಲು. ಆ ಎರಡು ಮಾತು ಕೇಳಿ ನಾನು ಗೊಳೋ ಅಂತ ಅತ್ತೆ.

ಗಾಳಿ ಬರಲಿ ಅಂತ ತಲಿಬಾಗಲಾ ತಗ್ಯಾಕ ಹೋದೆ. ಒಳಗಿಂದ ಹಾಕಿದ ಅಗಳಿ ಹಾಕಿದಂಗ ಇತ್ತು. ತಗದೆ. ಹೊರಗ ಬೆಳದಿಂಗಳು. ಕಟ್ಟಿಮ್ಯಾಲ ನಮ್ಮ ಅಗ್ಗಿಷ್ಟಿಗಿ. ಕೆಂಡದ ಮ್ಯಾಲ ಬೂದಿ ಎಳದು ನುಣ್ಣಗ ಮುಚ್ಚಿದ್ರು. ಬೂದಿಮ್ಯಾಲ ಒಂದು ಮುರುಕು ಹಂಚು.

ಆ ಹಂಚು ನೋಡಿ ನಾನು ಅಲ್ಲೇ ಕುಂತೆ. ಯಾಕ ಅಂತ ತಿಳೀಬೇಕಂದ್ರ ನನ್ನ ನೆಗೆಣ್ಣಿ ಗೌರಕ್ಕನ ಮಾತು ಹೇಳಬೇಕು.

ಗೌರಕ್ಕ ನಮ್ಮ ಭಾವನ ಹೇಣ್ತಿ, ಮಾಸೂರಿನಾಕಿ. ತಾಯಿ ಇರದಾಕಿ ಅಂತ ಬಾಣಂತನ ಇಲ್ಲೇ ಮಾಡಿದ್ವಿ, ಅದೇ ಕಾಳಿನ ಕೋಣ್ಯಾಗ. ನನ್ನ ಮಗ ಆಗ ಆರು ತಿಂಗಳ ಕೂಸು. ಅವನ್ನ ಪಡಸಾಲ್ಯಾಗ ಕೆಂಡ ಇಟ್ಟು ಬೆಚ್ಚಗ ಇಟ್ಟಿದ್ದೆ, ಅಲ್ಲಿ ಗಾಳಿ ಆಡತಿತ್ತು. ಗೌರಕ್ಕನ ಕೋಣಿ ಸಣ್ಣದು. ಹಿಂಗ ಥಂಡಿ ದಿನ. ನಾನ ಹೊರಸಿನ ಕೆಳಗ ಕೆಂಡ ಇಟ್ಟು, ನಾನ ಕಿಡಕಿ ಮುಚ್ಚಿ, ನಾನ ಸಂದಿಗೆ ಅರಿವಿ ತುರಕಿ ಬಂದೆ. ಮುಂಜಾನೆ ಗೌರಕ್ಕ ತಲಿ ಎತ್ತವಲ್ಲಳು, ಮಗ್ಗಲದಾಗ ಕೂಸು ತಣ್ಣಗಾಗಿತ್ತು. ಗಂಡುಕೂಸು. ಹೆಸರಿಡಾಕ ಇನ್ನೂ ಎರಡು ದಿನ ಇತ್ತು.

ನಮ್ಮತ್ತಿ ಎದಿ ಬಡಕೊಂಡು, "ಮಗ್ಗಲಾಗ ಹಾಕ್ಕೊಂಡು ಮಲಗಿ ಮೈಭಾರ ಹಾಕಿ ಕೊಂದ್ಲು" ಅಂದ್ಲು. ನಾನು ಸುಮ್ನ ಇರಬೇಕಿತ್ತು. ಇರಲಿಲ್ಲ. "ಅಕ್ಕನ ನಿದ್ದಿ ಅಂದ್ರ ಕಲ್ಲು ಬಿದ್ದಂಗ" ಅಂದೆ. ಊರಿಗೆ ಅಷ್ಟ ಸಾಕಾತು. ಆಮ್ಯಾಲ ಆಕಿಗೆ ಮಕ್ಕಳಾಗಲಿಲ್ಲ. ನಮ್ಮನ್ಯಾಗ ಇದ್ದಷ್ಟು ವರ್ಷ ಆಕೀದೊಂದು ರೂಢಿ ಇತ್ತು. ಥಂಡಿ ದಿನ ಯಾರ ಎಲ್ಲೇ ಕೆಂಡ ಇಡಲಿ, ಮಲಗೋ ಮುಂದ ಎತ್ತಿಕೊಂಡು ಹೋಗಿ ಕಟ್ಟಿಮ್ಯಾಲ ಇಟ್ಟು, ಬೂದಿ ಮುಚ್ಚಿ, ಮ್ಯಾಲ ಮುರುಕು ಹಂಚು ಇಟ್ಟು ಬರತಿದ್ಲು. "ನೋಡ್ರಿ, ನಮ್ಮಕ್ಕ ಕೆಂಡಕ್ಕ ಹೊದಿಕಿ ಹೊಚ್ಚಿ ಮಲಗಸ್ತಾಳ" ಅಂತ ನಾನು ಮಂದಿ ಮುಂದ ನಗತಿದ್ದೆ. ಆಕಿ ಹಂಚು ಸರಿಮಾಡಿ ಒಳಗ ಬರತಿದ್ಲು. ಭಾವ ತೀರಿದ ಮ್ಯಾಲ ಮಾಸೂರಿಗೆ ತಮ್ಮನ ಮನಿಗೆ ಹೋದ್ಲು, ಅಲ್ಲೇ ತೀರಿಕೊಂಡ್ಲು. ಸುದ್ದಿ ಬಂದ ದಿನ ನಮ್ಮ ಹೊಲದಾಗ ಮೆಣಸಿನಕಾಯಿ ಬಿಡಸೋದಿತ್ತು. ಆಳು ಹಚ್ಚೇವಿ, ಬರಾಕಾಗಂಗಿಲ್ಲ ಅಂತ ಹೇಳಿ ಕಳಿಸಿದೆ. ಮಣ್ಣಿಗೆ ಹೋಗಲಿಲ್ಲ. ಇದೆಲ್ಲಾ ಆಗಿದ್ದು ಶಿಲ್ಪಾನ ಟೆಂಟಿಗಿಂತ ಎಷ್ಟೋ ವರ್ಷ ಮೊದಲ.

ಬೆಳಕು ಹರದ ಮ್ಯಾಲ ಮೊಮ್ಮಗಳನ್ನ ಶಿಗ್ಗಾಂವಿಗೆ ಕರಕೊಂಡು ಹೋದೆ. ಡಾಕ್ಟರು ಎಲ್ಲಾ ಕೇಳಿ ನನ್ನ ಬೈದ್ರು. "ಇದ್ದಲಿ ಗಾಳಿಗೆ ಬಣ್ಣ ಇಲ್ಲ, ವಾಸನಿ ಇಲ್ಲ. ಮುಚ್ಚಿದ ಕೋಣ್ಯಾಗ ನಿದ್ದೀ ಒಳಗ ಜೀವ ತಗೊಂಡು ಹೋಗತೈತಿ. ನಿಮ್ಮ ಪುಣ್ಯ, ಯಾರೋ ಹೊರಗ ಇಟ್ಟಾರ. ಸಣ್ಣ ಕೂಸು ಇದ್ದಿದ್ರ ಅದು ಉಳೀತಿರಲಿಲ್ಲ" ಅಂದ್ರು. ಸಣ್ಣ ಕೂಸು ಅಂದ ಕೂಡಲೆ ಗೌರಕ್ಕನ ಕೂಸು ನೆನಪಾತು. ಅಷ್ಟು ವರ್ಷ ಆದಮ್ಯಾಲ ಅವತ್ತು ತಿಳೀತು, ಆ ಕೂಸು ಯಾರ ಕೈಯಿಂದ ಹೋತು ಅಂತ.

ಆ ವಾರದಾಗ ನಾನೊಬ್ಬಾಕೀನ ಬಸ್ ಹತ್ತಿ ಮಾಸೂರಿಗೆ ಹೋದೆ. ಗೌರಕ್ಕನ ತಮ್ಮ ಕೆರೀ ಕೆಳಗಿನ ಗದ್ದ್ಯಾಗ ನೀರು ತಿರುವಾಕತ್ತಿದ್ದ. ಬದುವಿನ ಮ್ಯಾಲ ನಿಂತು, ಕೂಸು ಹೋಗಿದ್ದು ನಾ ಇಟ್ಟ ಕೆಂಡದಿಂದ ಅಂತ ಹೇಳಿದೆ. ಬೈತಾನ, ಬೈಯ್ಲಿ ಅಂತನ ಹೋಗಿದ್ದೆ. ಅಂವ ಸಲಿಕಿ ಊರಿ ನಿಂತು ಕೇಳಿದ.

"ಅಕ್ಕಗ ಗೊತ್ತಿತ್ತ್ರಿ ಅಕ್ಕಾರ" ಅಂದ.

"ಏನು ಗೊತ್ತಿತ್ತೋ?"

"ಕೆಂಡದಿಂದ ಕೂಸು ಹೋತು ಅಂತ. ತನಗ ತಲಿ ಎತ್ತಾಕ ಆಗಲಾರದ್ದು ನೋಡಿನ ತಿಳಕೊಂಡಿದ್ಲು. ಮತ್ತ ಯಾಕ ಸುಮ್ನಿದ್ದಿ ಅಂತ ನಾ ಜಗಳಾ ತಗದಿದ್ದೆ. 'ಆಕಿ ಪ್ರೀತಿಲಿ ಇಟ್ಲಪಾ. ಆಕೀದೂ ಒಂದು ಕೂಸು ತೊಟ್ಟಿಲದಾಗ ಐತಿ. ನಾ ಇದನ್ನ ಹೇಳಿದ್ರ ಆಕಿ ಯಾವ ಕೈಲೆ ಅದನ್ನ ಎತ್ತಿಕೊಂಡಾಳು?' ಅಂದ್ಲು."

ಆಮ್ಯಾಲ ಅಂವ ಚಾ ಕುಡೀಬರ್ರಿ ಅಂತ ಕರದ. ನನಗ ಹೋಗಾಕ ಆಗಲಿಲ್ಲ.

ಆಕಿ ಉಳಿಸಿಕೊಟ್ಟ ಆ ಕೈಲೆ ಮಗನ್ನ ಎತ್ತೀನಿ, ಮೊಮ್ಮಗಳನ್ನ ಎತ್ತೀನಿ, ಈಗ ಮರಿಮಗಳನ್ನೂ ಎತ್ತೀನಿ. ಶಿಲ್ಪಾನ ಅಗಿಯೊಳಗ ಕೆಂಡದ ಬಾಜೂಕಿದ್ದವು ಬಾಡಿ ಹೋದ್ವು, ಉಳಿದವು ಚಂದ ಎದ್ವು. ಆಕಿ ಅಪ್ಪ ಮಾತಿನಂಗ ನೆರಳುಮನಿ ಹಾಕಿಸಿಕೊಟ್ಟ. ಈಗ ಸವಣೂರು, ಹಿರೇಕೆರೂರು ಕಡೆಯಿಂದ ಅಗಿ ಒಯ್ಯಾಕ ಗಾಡಿ ಬರ್ತಾವ. ಎಲ್ಲಾ ಕಣ್ಣಾರೆ ಕಂಡೆ. ಇಷ್ಟು ಸಂತೋಷ ಒಬ್ಬ ಮುದುಕಿಗೆ ಸಾಕು. ಆದ್ರ ಕೂಸು ತೊಡಿಮ್ಯಾಲ ಬೆಚ್ಚಗ ಮಲಗಿದಾಗ ಹೆಸರಿಲ್ಲದ ಇನ್ನೊಂದು ಕೂಸಿನ ನೆನಪಾಗತೈತಿ, ನಗೂನ ಅರ್ಧಕ್ಕ ನಿಲ್ಲತೈತಿ.

ಅಗ್ಗಿಷ್ಟಿಗಿ ಹೊರಗ ಒಯ್ದಾವರು ಯಾರು? ನೀನ ಮಂಪರಿನಾಗ ಒಯ್ದಿಟ್ಟು, ಬಂದು ಅಗಳಿ ಹಾಕ್ಕೊಂಡು ಮಲಗೀಬೇ ಅಂತಾನ ಮಗ. ಇದ್ದೀತು. ಶಿಲ್ಪಾ ತಾನಲ್ಲ ಅಂತ ಆಣಿ ಮಾಡ್ಯಾಳ. ಹಿತ್ತಲ ಬಾಗಲಕ್ಕೂ ಒಳಗಿಂದ ಚಿಲಕ ಇತ್ತು, ಕಿಡಕಿಗೆ ಸರಳು ಅದಾವ. ಕಾದ ಕಬ್ಬಣ ಹಿಡಿದಿದ್ರ ನನ್ನ ಕೈ ಸುಡಬೇಕಿತ್ತು, ಒಂದು ಬೊಬ್ಬಿ ಇರಲಿಲ್ಲ. ಇನ್ನ ಹಂಚು ಮುಚ್ಚೋದು ನನ್ನ ರೂಢಿ ಅಲ್ಲ. ಜೀವಮಾನದಾಗ ಒಮ್ಮೆನೂ ಮುಚ್ಚಿದಾಕಿ ಅಲ್ಲ, ಮುಚ್ಚಿದಾಕಿನ್ನ ನೋಡಿ ನಕ್ಕಾಕಿ.

ಗೌರಕ್ಕನ ಬಂದಿದ್ಲು ಅನ್ನಾಕ ನನಗ ಧೈರ್ಯ ಇಲ್ಲ. ಅಲ್ಲ ಅನ್ನಾಕೂ ಆಗವಲ್ದು. ಬಂದಿದ್ದು ಆಕಿನ ಆಗಿದ್ರ ನನ್ನದೊಂದ ಸಂಕಟ. ಅಷ್ಟು ಹತ್ತಿರ ಬಂದು, ಕಿಡಕಿ ತಗದು, ಕೆಂಡ ಎತ್ತಿಕೊಂಡು, ನನ್ನ ದಾಟಿಕೊಂಡನ ಹೋಗ್ಯಾಳ. ಎಬ್ಬಿಸಿ ಒಂದ ಒಂದು ಮಾತು ಬೈದು ಹೋಗಬಾರದಿತ್ತೇನು?