ಮಲಗಿದ್ದರೂ ತಿನ್ನುವ ಪೆಟ್ಟಿಗೆ

ಕರಿಬಸವಯ್ಯನವರಿಗೆ ಅವರಾಗಿ ಕೇಳದೆ ಕಾಫಿ ಕೊಡಬಾರದು. ಇದು ನೀಲಮ್ಮನವರು ಮದುವೆಯಾದ ಮೊದಲ ವರ್ಷವೇ ಕಲಿತ ಪಾಠ. ಕರೆಂಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಮೀಟರ್ ರೀಡರ್ ಆಗಿದ್ದ ಮನುಷ್ಯ ಅವರು. ನಜರ್‌ಬಾದಿನಿಂದ ದೇವರಾಜ ಮೊಹಲ್ಲಾದವರೆಗೆ ಯಾವ ಮನೆಯ ಮೀಟರು ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರಾಗಿದ್ದರು. ಅಷ್ಟು ವರ್ಷ ಮನೆಮನೆ ಸುತ್ತಿ ಅವರು ಕಂಡುಕೊಂಡ ಸತ್ಯ ಒಂದೇ: ಮೀಟರ್ ನೋಡುವುದಕ್ಕೆ ಮುಂಚೆಯೇ ಯಾರು 'ಬನ್ನಿ ಸಾರ್, ಕಾಫಿ ತಗೊಳ್ಳಿ' ಅನ್ನುತ್ತಾರೋ, ಅವರ ಮೀಟರಿನಲ್ಲಿ ಏನೋ ಇದೆ. ದೇವರಾಜ ಮೊಹಲ್ಲಾದ ಬಟ್ಟೆ ವ್ಯಾಪಾರಿಯೊಬ್ಬ ಒಮ್ಮೆ ಕಾಫಿಯ ಜೊತೆಗೆ ಎರಡು ತುಂಡು ಮೈಸೂರುಪಾಕನ್ನೂ ಇಟ್ಟನಂತೆ. ಇವರು ಎರಡನ್ನೂ ಮುಟ್ಟದೆ ಸ್ಟೂಲು ಹತ್ತಿ ನೋಡಿದರೆ ಮೀಟರಿನ ಹಿಂದೆ ಅಂಗೈಯಗಲದ ಅಯಸ್ಕಾಂತ. ಈ ಕಥೆಯನ್ನು ನೀಲಮ್ಮ ಇನ್ನೂರು ಸಲವಾದರೂ ಕೇಳಿದ್ದಾರೆ.

ಬೀದಿಯಲ್ಲಿ ಬೆಳೆದ ಬುದ್ಧಿ ಹೊಸ್ತಿಲ ಆಚೆ ಚಪ್ಪಲಿಯ ಜೊತೆ ನಿಲ್ಲುತ್ತದೆಯೇ? ಅದೂ ಒಳಗೇ ಬಂತು. ಹಬ್ಬದ ದಿನ ಒಂದು ಒಬ್ಬಟ್ಟು ಹೆಚ್ಚಿಗೆ ಬಡಿಸಿದರೆ 'ಏನು ವಿಷಯ?' ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ. ನೆಂಟರು ಆರೋಗ್ಯ ವಿಚಾರಿಸಿದರೆ ಸಾಲ ಕೇಳುತ್ತಾರೆ. ಕೆಟ್ಟವರೇನೂ ಅಲ್ಲ, ಪಾಪ. ಲಿಂಗಪೂಜೆ ಆಗದೆ ತೊಟ್ಟು ನೀರು ಬಾಯಿಗೆ ಹಾಕುವವರಲ್ಲ, ಲಂಚವೆಂದು ಒಂದು ಬಾಳೆಹಣ್ಣನ್ನೂ ಮನೆಗೆ ತಂದವರಲ್ಲ. ಆದರೆ ಶಿವನೇ ಬಾಗಿಲಿಗೆ ಬಂದು ನಿಂತರೂ 'ಈ ಹೊತ್ತಿನಲ್ಲಿ ಯಾಕೆ ಬಂದೆ?' ಎಂದು ಕೇಳುವ ಸ್ವಭಾವ. ಈ ಕೊನೆಯ ಮಾತು ನೀಲಮ್ಮನವರದೇ.

ಕುವೆಂಪುನಗರದ ಮನೆಗೆ ಬಂದ ಮೇಲೆ, ತೊಂಬತ್ತೊಂದನೇ ಇಸವಿಯಲ್ಲಿ, ಟೀವಿ ಕೊಂಡರು. ಅದಕ್ಕೆ ಹನ್ನೆರಡು ಗುಂಡಿ. ಪಕ್ಕದಲ್ಲೊಂದು ಪುಟ್ಟ ಮುಚ್ಚಳ, ಅದರೊಳಗೆ ಗುಂಡಿಗೊಂದರಂತೆ ಸಣ್ಣ ಚಕ್ರಗಳು. ಚಕ್ರ ತಿರುಗಿಸಿ ಚಾನೆಲ್ ಹಿಡಿಯಬೇಕು. ಅದೇ ಟೀವಿಯೊಳಗಿನ ಟ್ಯೂನರು. ಕೇಬಲ್ ಬಂದಾಗ ಕರಿಬಸವಯ್ಯನವರು ಒಂದು ಇಡೀ ಭಾನುವಾರ ಕೂತು ಹನ್ನೆರಡನ್ನೂ ಹಿಡಿದರು. ಹಿಡಿದು, ಮುಚ್ಚಳಕ್ಕೆ ತಂತಿ ಸುತ್ತಿ, ಮೀಟರಿಗೆ ಹಾಕುವಂಥದೇ ಸೀಸದ ಸೀಲು ಒತ್ತಿಬಿಟ್ಟರು. ಯಾರೂ ಕೈಯಾಡಿಸಬಾರದು ಅಂತ. ಮಗಳನ್ನು ಮದುವೆ ಮಾಡಿ ಕಳಿಸಿಯಾಗಿತ್ತು, ಮನೆಯಲ್ಲಿ ಇದ್ದವರೇ ಇಬ್ಬರು. ಹಾಗಾದರೆ 'ಯಾರೂ' ಅಂದರೆ ಯಾರು ಎಂದು ನೀಲಮ್ಮ ಕೇಳಲಿಲ್ಲ. ಕೇಳಿ ಉತ್ತರ ಪಡೆಯುವುದಕ್ಕಿಂತ ಸೊಪ್ಪು ಬಿಡಿಸುವುದು ಮೇಲು.

ಎರಡು ಸಾವಿರದ ಎಂಟರ ಶ್ರಾವಣದಲ್ಲಿ ಕೇಬಲ್ಲಿನ ದೊರೆಸ್ವಾಮಿ ಕಂಕುಳಲ್ಲಿ ಒಂದು ಕಪ್ಪು ಪೆಟ್ಟಿಗೆ ಇಟ್ಟುಕೊಂಡು ಬಂದ.

"ಸಾರ್, ಬರೋ ಭಾನುವಾರದೊಳಗೆ ನಮ್ಮ ಲೋಕಲ್ ಚಾನೆಲ್ಲು ಈ ಸೆಟ್ ಟಾಪ್ ಬಾಕ್ಸ್‌ಗೆ ಹೋಯ್ತದೆ. ನಿಮ್ ಟೀವಿ ಟ್ಯೂನರಿಗೆ ಸಿಗಾಕಿಲ್ಲ. ಮಿಕ್ಕಿದ ಹನ್ನೊಂದು ಅಂಗೇ ಬತ್ತವೆ. ಬೇಕಾದ್ರೆ ಮಡಿಕೊಳಿ, ಬ್ಯಾಡ ಅಂದ್ರೆ ಬುಡಿ."

"ನಾನು ಇಟ್ಕೊಂಡ್ರೆ ನಿನಗೇನಪ್ಪ ಬರುತ್ತೆ?"

"ನಂಗೇನ್ ಬತ್ತದೆ ಸಾರ್. ಒಂದು ವಾರ ಪುಕ್ಕಟೆ ನೋಡಿ, ಆಮೇಲೆ ಹೇಳಿ."

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕರಿಬಸವಯ್ಯನವರು ಕನ್ನಡಕ ಸರಿಮಾಡಿಕೊಂಡು ಆ ಪೆಟ್ಟಿಗೆಯನ್ನು ಮೇಲೆ ಕೆಳಗೆ ನೋಡಿದರು. ಒಂದು ಕೆಂಪು ದೀಪ, ನಾಲ್ಕು ತೂತು. "ಇದರೊಳಗಿಂದ ನಾವೇನು ನೋಡ್ತೀವಿ ಅಂತ ನಿಮ್ಮ ಆಫೀಸಿಗೆ ಗೊತ್ತಾಗುತ್ತಾ?" ಎಂದರು. ದೊರೆಸ್ವಾಮಿ ತಲೆ ಕೆರೆದುಕೊಂಡ. ತಲೆ ಕೆರೆದುಕೊಂಡಿದ್ದೇ ತಪ್ಪಾಯಿತು. ಬಾಗಿಲು ಮುಚ್ಚಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಮ್ಮನವರ ಎದೆ ಧಸಕ್ಕೆಂದಿತು. ಯಾಕೆಂದರೆ ಆ ಭಾನುವಾರ ಸಂಜೆ ಐದಕ್ಕೆ, ಆ ಲೋಕಲ್ ಚಾನೆಲ್ಲಿನಲ್ಲೇ, ನೀಲಮ್ಮ ಹಾಡುವವರಿದ್ದರು.

ಪ್ರತಿ ಮಂಗಳವಾರ ಮಧ್ಯಾಹ್ನ ಅವರು ದಾಕ್ಷಾಯಣಮ್ಮನವರ ಮನೆಯ ಅಕ್ಕನ ಬಳಗಕ್ಕೆ ಹೋಗುತ್ತಿದ್ದರು. ಬಡಾವಣೆಯ ಹನ್ನೆರಡು ಹೆಂಗಸರು ಸೇರಿ ವಚನ ಹಾಡುವ ಕೂಟ ಅದು. ಚಾನೆಲ್ಲಿನವರು ಬಂದು ಕ್ಯಾಮೆರಾ ಇಟ್ಟಾಗ ಒಂದು ವಚನವನ್ನು ಯಾರಾದರೂ ಒಬ್ಬರೇ ಹಾಡಬೇಕಾಗಿ ಬಂತು. ಹನ್ನೊಂದು ಜನ ಒಟ್ಟಿಗೆ ನೀಲಮ್ಮನವರನ್ನು ಮುಂದಕ್ಕೆ ತಳ್ಳಿದರು. ಹಾಡಿ ಮುಗಿದರೂ ಕ್ಯಾಮೆರಾದವನು ಕ್ಯಾಮೆರಾ ಆರಿಸುವುದನ್ನೇ ಮರೆತಿದ್ದ.

ಇದನ್ನು ಅವರು ಗಂಡನಿಗೆ ಹೇಳಿರಲಿಲ್ಲ. ಹೇಳುವುದು ಹೇಗೆ? ಮದುವೆಯಾದ ಹೊಸತರಲ್ಲಿ, ನಜರ್‌ಬಾದಿನ ಬಾಡಿಗೆ ಮನೆಯಲ್ಲಿ, ಬಟ್ಟೆ ಒಣಹಾಕುತ್ತ ಏನೋ ಹಾಡಿಕೊಳ್ಳುತ್ತಿದ್ದರು. ಹಿಂದಿನಿಂದ ಬಂದ ಕರಿಬಸವಯ್ಯನವರು, "ಯಾರಿಗೆ ಕೇಳ್ಲಿ ಅಂತ ಹಾಡ್ತಾ ಇದ್ದೀಯ?" ಎಂದಿದ್ದರು. ಜಗಳವೇನೂ ಮಾಡಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಕೇಳಿ ಒಳಗೆ ಹೋದರು, ಮರುಕ್ಷಣ ಮರೆತರು. ನೀಲಮ್ಮ ಮರೆಯಲಿಲ್ಲ. ಆವತ್ತಿನಿಂದ ಆ ಮನೆಯಲ್ಲಾಗಲಿ ಈ ಮನೆಯಲ್ಲಾಗಲಿ ಬಾಯಿಬಿಟ್ಟು ಹಾಡಿದವರಲ್ಲ. ಮಗಳನ್ನು ತೊಟ್ಟಿಲಲ್ಲಿ ತೂಗುವಾಗಲೂ ಗುನುಗಿದ್ದಷ್ಟೇ. ಅದು ಒಳಗೆ ಮುಳ್ಳಾಗಿ ಉಳಿದಿತ್ತು, ಸಿಟ್ಟೂ ಇತ್ತು. ಈಗ ಐವತ್ತೆಂಟರ ವಯಸ್ಸಿನಲ್ಲಿ ಒಂದೇ ಆಸೆ: ಭಾನುವಾರ ಸಂಜೆ ಇವರು ಎಂದಿನಂತೆ ಕುರ್ಚಿಯಲ್ಲಿ ಕೂತಿರಬೇಕು, ತಾನು ಹನ್ನೆರಡನೇ ಗುಂಡಿ ಒತ್ತಬೇಕು, ಹೆಂಡತಿ ಹಾಡುವುದು ತಾನಾಗಿ ಅವರ ಕಣ್ಣಿಗೆ ಬೀಳಬೇಕು. ಮುಂಚೆ ಹೇಳಿದರೆ ಕ್ಯಾಮೆರಾದವನು ಯಾರು, ಯಾರ ಮಗ, ಯಾಕೆ ತೆಗೆದ ಎಂದು ಶುರುವಾಗುತ್ತದೆ. ಹಾಡು ಅಲ್ಲೇ ಸಾಯುತ್ತದೆ.

ಆದರೆ ಮೂವತ್ತೆಂಟು ವರ್ಷ ಅಂಥ ಗಂಡನ ಜೊತೆ ಬಾಳಿದವರಿಗೆ ಒಂದಿಷ್ಟು ಉಪಾಯವಾದರೂ ತಿಳಿಯದೆ ಇರುತ್ತದೆಯೇ? ಗುರುವಾರ ಬೆಳಿಗ್ಗೆ ಗಂಡ ಪೇಪರ್ ಓದುತ್ತಿದ್ದಾಗ ನೀಲಮ್ಮ ನೆಲ ಒರೆಸುತ್ತ ಹೇಳಿದರು: "ಆ ಪೆಟ್ಟಿಗೆ ಬೇಡ ಅಂದಿದ್ದು ಒಳ್ಳೇದಾಯ್ತು ಬಿಡ್ರಿ. ನಮ್ಮ ಟೀವಿ ಟ್ಯೂನರೇ ಸಾಕು."

ಪೇಪರ್ ಕೆಳಗಿಳಿಯಿತು. "ಯಾಕೆ ಒಳ್ಳೇದಾಯ್ತು?"

"ಸುಮ್ನೆ ಅಂದೆ."

"ಅದರಲ್ಲಿ ಏನೇನು ಬರುತ್ತೆ ಅಂತ ನಿಂಗೊತ್ತಾ?"

"ನಂಗೇನು ಗೊತ್ತು. ಬೇಡ ಅಂದ್ರೆ ಬೇಡಪ್ಪ."

ಇಡೀ ದಿನ ಕರಿಬಸವಯ್ಯನವರು ಹೆಂಡತಿಯ ಮುಖ ನೋಡುತ್ತ ಕಳೆದರು. ಈಕೆಗೆ ಯಾಕೆ ಬೇಡ? ಬೇಡ ಅನ್ನುವುದಕ್ಕೆ ಈಕೆಗೇನು ಕಾರಣ? ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿದವರೇ ಸ್ಕೂಟರ್ ಹತ್ತಿ ಹೋಗಿ ದೊರೆಸ್ವಾಮಿಯನ್ನು ಹಿಡಿದುಕೊಂಡೇ ಬಂದರು. ಅವನು ಕೇಬಲ್ಲಿನ ತಂತಿಯನ್ನು ಟೀವಿಯಿಂದ ಬಿಚ್ಚಿ ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯಿಂದ ಟೀವಿಗೆ ಇನ್ನೊಂದು ತಂತಿ ಎಳೆದ. ನೀಲಮ್ಮ ಒಳಗೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಂತೋಷ ಅನ್ನುವುದು ಮನುಷ್ಯನನ್ನು ದಡ್ಡನನ್ನಾಗಿ ಮಾಡುತ್ತದೆ ನೋಡಿ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನೀಲಮ್ಮ ಗಟ್ಟಿ ಡಿಕಾಕ್ಷನ್ ಇಳಿಸಿ, ಬಿಸಿಬಿಸಿ ಕೋಡುಬಳೆ ಕರಿದು, ಒಂದು ತಟ್ಟೆ ಒಂದು ಲೋಟ ತಂದು ಗಂಡನ ಮುಂದೆ ಇಟ್ಟರು. ಅವರಾಗಿ ಕೇಳಿರಲಿಲ್ಲ. ಇಟ್ಟ ಮೇಲೆ ನೆನಪಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಕರಿಬಸವಯ್ಯನವರು ಲೋಟ ನೋಡಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ಪೆಟ್ಟಿಗೆ ನೋಡಿದರು. ಕೋಡುಬಳೆಯನ್ನು ಮುಟ್ಟದೆ ಎದ್ದು ಹೋಗಿ ಸ್ಟೂಲು ತಂದರು.

ಫ್ರಿಜ್ಜು ಆರಿಸಿದರು. ಫ್ಯಾನು, ದೀಪ, ದೇವರ ಮನೆಯ ಪುಟ್ಟ ಬಲ್ಬು ಎಲ್ಲ ಆರಿಸಿದರು. ಟೀವಿಯ ಗುಂಡಿ ಒತ್ತಿ ಆರಿಸಿದರು, ರಿಮೋಟಿನಿಂದ ಪೆಟ್ಟಿಗೆಯನ್ನೂ ಆರಿಸಿದರು. ಅದರ ಕೆಂಪು ದೀಪವೊಂದು ಉಳಿಯಿತು. ವರಾಂಡದಲ್ಲಿ ಸ್ಟೂಲು ಹತ್ತಿ ಮೀಟರಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಎಲ್ಲ ಆರಿಸಿದ ಮನೆಯಲ್ಲಿ ಮೀಟರಿನ ಚಕ್ರ ಮಿಸುಕಬಾರದು. ಮಿಸುಕುತ್ತಿತ್ತು. ಇರುವೆಯಂತೆ ತೆವಳುತ್ತ, ಅದರ ಅಂಚಿನ ಕೆಂಪು ಗುರುತು ಮರೆಯಾಗಿ, ಐದು ನಿಮಿಷಕ್ಕೆ ಮತ್ತೆ ಮುಂದೆ ಬಂತು.

"ನೀಲಾ, ಬಾ ಇಲ್ಲಿ. ನೋಡು. ಮಲಗಿದ್ರೂ ತಿಂತಾ ಇದೆ ಇದು." ಅವರ ಮುಖದಲ್ಲಿ ದೇವರಾಜ ಮೊಹಲ್ಲಾದ ಅಯಸ್ಕಾಂತ ಸಿಕ್ಕ ದಿನದ ಕಳೆ. "ಟೀವಿಯೊಳಗಿನ ಟ್ಯೂನರು ಹಂಗಲ್ಲ. ಆರಿಸಿದ್ರೆ ಆರೇ ಹೋಗುತ್ತೆ. ನಿಯತ್ತಿಂದು. ಇದು ಕಳ್ಳ."

"ತಿಂದ್ರೆ ಎಷ್ಟು ತಿಂದೀತು? ನಾಳೆ ಒಂದು ದಿವಸ ಇರಲಿ."

"ನಾಳೆ ಏನಿದೆ?"

ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸ್ಟೂಲಿನ ಮೇಲಿಂದ, ಕಳ್ಳನನ್ನು ಹಿಡಿದ ಆ ಕಣ್ಣುಗಳ ಮುಂದೆ, ತನ್ನ ಹಾಡನ್ನು ಬೇಡಿಕೊಳ್ಳಬೇಕೇ? ನೀಲಮ್ಮನವರಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸ್ವಾಭಿಮಾನ ಅಡ್ಡ ಬಂತು.

"ಏನೂ ಇಲ್ಲ," ಎಂದರು.

ನಾಲ್ಕೂವರೆಯೊಳಗೆ ಪೆಟ್ಟಿಗೆ ದೊರೆಸ್ವಾಮಿಯ ಅಂಗಡಿಗೆ ವಾಪಸಾಯಿತು. ಕೇಬಲ್ಲಿನ ತಂತಿ ಮತ್ತೆ ನೇರ ಟೀವಿಗೆ ಬಂತು.

ಭಾನುವಾರ ನಾಲ್ಕು ಮುಕ್ಕಾಲಿಗೆ ನೀಲಮ್ಮ ಸುಮ್ಮನೆ ಹೋಗಿ ಹನ್ನೆರಡನೇ ಗುಂಡಿ ಒತ್ತಿದರು. ರವೆ ಚೆಲ್ಲಿದಂತೆ ಪರದೆ ತುಂಬ ಚುಕ್ಕೆ, ಬರೀ ಭರ್ ಎನ್ನುವ ಸದ್ದು. ಆರಿಸಿದರು. ಒಳಗೆ ಹೋಗಿ, ಕ್ಯಾಮೆರಾದ ಮುಂದೆ ಉಟ್ಟಿದ್ದ ಹಸಿರು ರೇಷ್ಮೆ ಸೀರೆಯನ್ನೇ ಉಟ್ಟುಕೊಂಡು, ವಿಭೂತಿ ಇಟ್ಟುಕೊಂಡು ಹೊರಟರು.

"ಎಲ್ಲಿಗೆ?" ಎಂದರು ಕರಿಬಸವಯ್ಯ.

"ಎದುರು ಮನೆ ಪುಟ್ಟತಾಯಮ್ಮನ ಹತ್ರ."

"ಎದುರು ಮನೆಗೆ ಯಾರಾದ್ರೂ ರೇಷ್ಮೆ ಸೀರೆ ಉಡ್ತಾರಾ?"

"ನಾನು ಉಡ್ತೀನಿ," ಎಂದು ನೀಲಮ್ಮ ಗೇಟು ದಾಟಿದರು. ಗಂಡನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದೆ ಮನೆ ಬಿಟ್ಟದ್ದು ಅದೇ ಮೊದಲು.

ಪುಟ್ಟತಾಯಮ್ಮನವರ ಮನೆಯಲ್ಲಿ ದೊರೆಸ್ವಾಮಿಯ ಪೆಟ್ಟಿಗೆ ಯಾವ ತಕರಾರೂ ಇಲ್ಲದೆ ಟೀವಿಯ ತಲೆಯ ಮೇಲೆ ಕೂತಿತ್ತು. "ಬನ್ನಿ ನೀಲಮ್ಮಾರೆ. ನಿಮ್ಮೆಜಮಾನ್ರು ಬರ್ನಿಲ್ವಾ?"

"ಅವರಿಗೆ ಪುರುಸೊತ್ತಿಲ್ಲ," ಎಂದು ನೀಲಮ್ಮ ಚಾಪೆಯ ಮೇಲೆ ಕೂತರು.

ಐದು ಗಂಟೆಗೆ ಬಳಗದ ಹನ್ನೆರಡು ಹೆಂಗಸರು ಸಾಲಾಗಿ ಕಾಣಿಸಿಕೊಂಡರು. ಮೊದಲು ಎಲ್ಲರ ಹಾಡು. ಆಮೇಲೆ ಪರದೆ ತುಂಬ ಒಬ್ಬಳೇ ಹೆಂಗಸು. ಬೆಳ್ಳಗಾದ ಬೈತಲೆ, ಮುಚ್ಚಿದ ಕಣ್ಣು, ತೊಡೆಯ ಮೇಲೆ ತಾಳ ಹಾಕುವ ಬೆರಳು. ಆ ಧ್ವನಿ ಕೇಳಿ ನೀಲಮ್ಮನವರೇ ಬೆರಗಾದರು. ಇಷ್ಟು ದಪ್ಪನೆಯ, ಇಷ್ಟು ಧೈರ್ಯದ ಧ್ವನಿಯೇ ನನ್ನದು? ಅಡುಗೆಮನೆಯ ಹೊಗೆಯಲ್ಲಿ, ಪಿಸುಮಾತಿನಲ್ಲಿ ಇದು ಇಷ್ಟು ದಿನ ಹೇಗೆ ಬದುಕಿತ್ತು? ಖುಷಿಯಾಗಬೇಕಿತ್ತು. ಪಕ್ಕದಲ್ಲಿ ಕೂರಬೇಕಾದವರೇ ಇರಲಿಲ್ಲ.

ಆಗ ಕಿಟಕಿಯ ಹೊರಗೆ ನೆರಳಾಡಿತು. ಸರಳಿನ ಸಂದಿಯಲ್ಲಿ ಅರ್ಧ ತೋಳಿನ ಬಿಳಿ ಅಂಗಿ, ಹಣೆಯ ಮೂರು ಪಟ್ಟೆ ವಿಭೂತಿ. ಬಂದಿದ್ದಾರೆ. ಹಿಂಬಾಲಿಸಿಕೊಂಡು ಬಂದಿದ್ದಾರೆ, ಇನ್ನೇನು. ಹೆಂಡತಿ ರೇಷ್ಮೆ ಸೀರೆ ಉಟ್ಟು ಎಲ್ಲಿಗೆ ಹೋದಳು ಎಂದು ನೋಡುವುದಕ್ಕೆ. ನೀಲಮ್ಮನವರಿಗೆ ಮೈಯೆಲ್ಲ ಉರಿಯಿತು. ತಿರುಗಿ ನೋಡಲಿಲ್ಲ. ಹಾಡು ಮುಗಿಯುವವರೆಗೂ ಆ ನೆರಳು ಅಲ್ಲಾಡಲಿಲ್ಲ ಎಂಬುದು ಮಾತ್ರ ಕಣ್ಣಂಚಿಗೆ ಕಾಣುತ್ತಿತ್ತು.

"ಇಂಥ ಗಂಟ್ಲನ್ನ ಇಷ್ಟು ದಿನ ಎಲ್ಲಿ ಮಡಗಿದ್ರಿ ನೀಲಮ್ಮಾರೆ," ಎಂದು ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನೀಲಮ್ಮ ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಕರಿಬಸವಯ್ಯನವರು ಆರಿದ ಟೀವಿಯ ಮುಂದೆ ಕೂತಿದ್ದರು. ಎಲ್ಲಿಗೆ, ಯಾಕೆ, ಯಾರು ಎಂಬ ಒಂದು ಪ್ರಶ್ನೆಯೂ ಬರಲಿಲ್ಲ. ನೀಲಮ್ಮ ಚಪ್ಪಲಿ ಬಿಟ್ಟು, ಅವರನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಿ ಅಕ್ಕಿ ಅಳೆಯತೊಡಗಿದರು.

"ನಾನು ನೋಡಿದೆ," ಎಂದರು ಅವರು ಕೂತಲ್ಲಿಂದಲೇ.

"ಗೊತ್ತು. ಕಿಟಕೀಲಿ."

ಆಮೇಲೆ, ನೀಲಮ್ಮ ಎಂದೂ ಕೇಳದಿದ್ದ ಒಂದು ಸಣ್ಣ ಧ್ವನಿಯಲ್ಲಿ: "ಅದು ನೀನೇನಾ ಅಂತ ನಂಗೆ ಅನುಮಾನ ಬಂತು ಕಣೇ. ಮುಖ ನಿಂದೇ. ಸೀರೆ ನಿಂದೇ. ಧ್ವನಿ ಮಾತ್ರ ಯಾರದೋ ಅನ್ನಿಸ್ತು. ನಾನು ಕೇಳೇ ಇರ್ಲಿಲ್ವಲ್ಲ."

ಅಕ್ಕಿಯ ಪಾವು ಕೈಯಲ್ಲೇ ನಿಂತಿತು. ಜೀವಮಾನವೆಲ್ಲ ಆ ಮನುಷ್ಯ ಹೆಂಡತಿಯ ಮೇಲೆ ಪಟ್ಟ ಅನುಮಾನಗಳಲ್ಲಿ ಇದೊಂದು ನೂರಕ್ಕೆ ನೂರು ನಿಜವಾಗಿತ್ತು. ಇಷ್ಟು ಹೊತ್ತು ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ, ನೀಲಮ್ಮನವರ ಕಣ್ಣಲ್ಲಿ ನೀರು ಬಂತು.

"ಗುರುವಾರ ತಿರುಗಾ ಹಾಕ್ತಾರಂತೆ, ಕೊನೇಲಿ ಪರದೆ ಮೇಲೆ ಬಂತು," ಎಂದು ಕರಿಬಸವಯ್ಯನವರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ದೊರೆಸ್ವಾಮಿ ಹತ್ರ ಹೋಗಿ ಆ ಪೆಟ್ಟಿಗೆ ಈಸ್ಕೊಂಡು ಬರ್ಲಾ? ತಿಂದ್ರೆ ತಿನ್ಲಿ ಬಿಡು ಕರೆಂಟು. ನಿನ್ನ ಹಾಡು ಪೂರ್ತಿ ಕೇಳ್ಬೇಕು."

"ಪೆಟ್ಟಿಗೆ ಯಾಕ್ರೀ," ಎಂದರು ನೀಲಮ್ಮ. "ನಾನು ಮನೇಲೇ ಇದ್ದೀನಲ್ಲ."

ಕರಿಬಸವಯ್ಯನವರು ಹಿಂದಕ್ಕೆ ಹೋಗಿ, ಟೀವಿಗೆ ಎದುರಾಗಿದ್ದ ಕುರ್ಚಿಯನ್ನು ಎತ್ತಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿಕೊಂಡು ಕೂತರು.