ಬಲತುದಿಯಲ್ಲಿ ಕುಣಿಯುವವನು

ಒಮಾನಿನ ಈ ಘಾಲಾದಲ್ಲಿ ಚಿತ್ರಕ್ಕೆ ಫ್ರೇಮ್ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬ ಅಂತ ಬೇಕಾದರೆ ಹೇಳಿ ಮಾರಾಯ್ರೆ, ಇಪ್ಪತ್ತು ವರ್ಷ ಗಾಜು ಕೊಯ್ದ ಕೈ ಇದು. ಎಂಥ ಚಿತ್ರವೇ ಬರಲಿ, ಅದರಲ್ಲಿ ಮುಖ್ಯವಾದದ್ದನ್ನು ನಡುಮಧ್ಯಕ್ಕೆ ತರುವುದು ನನ್ನ ಕ್ರಮ.

ಕಳೆದ ಚಳಿಗಾಲದಲ್ಲಿ ಅರವತ್ತು ದಾಟಿದ ಒಬ್ಬ ಒಮಾನಿ ಬಂದರು. ಅವರ ಹಿರಿಯರು ಆಫ್ರಿಕಾದವರು. ಆಡಿನ ಗೊರಸು ಪೋಣಿಸಿದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿ ಮದುವೆಗಳಲ್ಲಿ ಇವರೂ ಕುಣಿಯುತ್ತಾರಂತೆ. ತಂದದ್ದು ಬ್ರಿಟಿಷರ ಕಾಲದಲ್ಲಿ ಯಾರೋ ಬರೆದ ಚಿತ್ರ: ಜಗಲಿಯಲ್ಲಿ ಕುರ್ಚಿ ಹಾಕಿ ಕೂತ ಬಿಳಿ ದೊರೆ, ಬಲತುದಿಯಲ್ಲಿ ಡೋಲು ಬಡಿಯುವ ಇಬ್ಬರು, ಗೊರಸಿನ ಪಟ್ಟಿ ಕಟ್ಟಿ ಕುಣಿಯುವ ಒಬ್ಬ.

"ಅಮ್ಮನ ಕಣ್ಣು ಹೋಗುತ್ತಾ ಉಂಟು. ಪೂರ್ತಿ ಹೋಗುವ ಮೊದಲು ಇದನ್ನು ತೋರಿಸಬೇಕು. ಗುರುವಾರ ಕೊಡು ಭಾಯಿ," ಅಂದರು ಹಿಂದಿಯಲ್ಲಿ. ಮನೆಯಲ್ಲಿದ್ದದ್ದು ಇದೊಂದೇ ಪ್ರತಿ.

ದೊರೆ ನಡುವಿಗೆ ಬರಲಿ ಅಂತ ನಾನು ಬಲಬದಿಯಿಂದ ಒಂದು ಗೇಣು ಕೊಯ್ದು ಬಿಸಾಡಿದೆ.

ಗುರುವಾರ ಅವರು ಕಾಗದ ಬಿಚ್ಚಿ ನೋಡಿ, "ಕುಣಿಯುವವನೆಲ್ಲಿ?" ಎಂದರು.

"ದೊರೆ ಎಷ್ಟು ಚೆಂದ ಬಂದಿದ್ದಾನೆ ನೋಡಿ!"

"ಇವನನ್ನು ಅಮ್ಮ ಏನು ಮಾಡಬೇಕು?"

ಅಯ್ಯೋ, ನನ್ನ ಜಂಬವೆಲ್ಲ ಸರ್ರನೆ ಇಳಿಯಿತು. ನಾನು ಊರಲ್ಲಿ ಭೂತಕೋಲ ನೋಡಿಯೇ ಬೆಳೆದವನು. ಭೂತ ಕಟ್ಟಿದವನ ಕಾಲಿನ ಗಗ್ಗರದ ಸದ್ದು ಕೇಳಿ ಓಡುವಾಗ ಗುತ್ತಿನ ದೊಡ್ಡಮನೆಯ ಯಜಮಾನರು ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಅಂತ ಒಂದು ದಿನವೂ ನೋಡಿದವನಲ್ಲ. ಇಲ್ಲಿ ನನಗೆ ಎಂಥ ಮಂಕು ಬಡಿಯಿತೋ! ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಕಸದ ಡಬ್ಬಿಯನ್ನು ನೆಲಕ್ಕೆ ಸುರಿದೆ. ಮರದ ಹುಡಿಯ ಅಡಿಯಲ್ಲಿ ನಾನು ಕೊಯ್ದ ತುಂಡು ಸಿಕ್ಕಿತು. ಒಂದು ಮೂಲೆ ಮಡಚಿಕೊಂಡಿತ್ತು, ಅಷ್ಟೆ. ಅವರು ಧೂಳು ಊದಿ, ಕುಣಿಯುವವನ ಪಾದದ ಮೇಲೆ ಬೆರಳಿಟ್ಟರು.

"ಕಾಲು ಸರಿಯಾಗಿ ಬರೆದಿದ್ದಾನೆ. ಬರೆದವನು ನಿಂತು ನೋಡಿದ್ದಾನೆ."

"ಗೊತ್ತೇ ಆಗದ ಹಾಗೆ ಜೋಡಿಸಿ ಕೊಡ್ತೇನೆ," ಎಂದೆ.

"ಬೇಡ. ಈ ತುಂಡಿಗಷ್ಟೇ ಫ್ರೇಮ್ ಹಾಕು."

ನನ್ನಲ್ಲಿದ್ದ ಒಳ್ಳೆಯ ತೇಗದ ಪಟ್ಟಿಯನ್ನೇ ಹಾಕಿದೆ. ಅಂಥ ಕೆಲಸ ನಾನು ಹಿಂದೆ ಮಾಡಿಲ್ಲ, ಧೈರ್ಯವಾಗಿ ಹೇಳುತ್ತೇನೆ. ಮರುದಿನ ಅವರು ಫೋನ್ ಮಾಡಿದರು. ಅಮ್ಮ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರಂತೆ. ಆಮೇಲೆ ಮಡಿಲಲ್ಲಿಟ್ಟುಕೊಂಡು ಗಾಜಿನ ಮೇಲೆ ಬೆರಳಿನಿಂದ ತಾಳ ಹಾಕಿದರಂತೆ.

ದೊರೆ ನನ್ನ ಅಂಗಡಿಯಲ್ಲೇ ಇದ್ದಾನೆ, ನಡುಮಧ್ಯದಲ್ಲಿ. ಇಷ್ಟು ದಿನವಾದರೂ ಅವನನ್ನು ಕೇಳಿಕೊಂಡು ಯಾರೂ ಬಂದಿಲ್ಲ.